ವಾಪಸ್ ತಂದು ತೋರ್ಸಿ

ಗಿರಿಜಮ್ಮನವರ ಎದುರು ‘ಆಗುತ್ತೆ ಮೇಡಂ’ ಎಂದವರು ಕೆಟ್ಟರು. ಯುಪಿಎಸ್ ರಿಪೇರಿಯವನು ಹಾಗೆಂದರೆ, ‘ಈಗ ಮೇನ್ ಆಫ್ ಮಾಡ್ತೀನಿ, ನಿಂತ್ಕೊಂಡು ನೋಡಿ’ ಎಂದು ಸ್ವಿಚ್ಚಿಗೆ ಕೈ ಹಾಕುತ್ತಿದ್ದರು. ಆರ್‌ಪಿಸಿ ಲೇಔಟಿನ ಮನೆಯೊಂದರ ಕಾರ್ ಶೆಡ್ಡಿನಲ್ಲಿ ಅವರ ಡಿಟಿಪಿ ಸೆಂಟರ್. ಲಗ್ನಪತ್ರಿಕೆಯಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವೂ ಅಲ್ಲೇ ಟೈಪ್ ಆಗುತ್ತಿತ್ತು. ಗಿರಾಕಿ ಎಷ್ಟೇ ದೊಡ್ಡವರಾದರೂ ಕಾಗುಣಿತ ತಪ್ಪಿದ್ದರೆ ಬೈಸಿಕೊಂಡೇ ಹೋಗಬೇಕು.

ನಾನು ಬಸವೇಶ್ವರನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಪ್ರಬಂಧ ಬರೆಯುತ್ತಿದ್ದೆ. ಮಾಗಡಿ ರಸ್ತೆಯ ಹಳ್ಳಿಗಳಲ್ಲಿ ಹೊಲಗಳಿಗಿದ್ದ ಹೆಸರುಗಳು ನನ್ನ ವಿಷಯ. ಹೇರೋಹಳ್ಳಿ, ಬ್ಯಾಡರಹಳ್ಳಿಗಳ ಹೊಲಗಳು ಆಗಲೇ ಸೈಟುಗಳಾಗಿದ್ದವು. ಹೆಸರು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಅವರು ಹೇಳಿದ್ದನ್ನು ಚೀಟಿಗಳಲ್ಲಿ ಬರೆದು ತಂದರೆ ಗಿರಿಜಮ್ಮ ಟೈಪ್ ಮಾಡುತ್ತಿದ್ದರು. ‘ಅತ್ತೆ ಮುನಿದ ಹೊಲ’ ಎಂದು ಬಂದ ದಿನ ಕೀಬೋರ್ಡ್ ಬಿಟ್ಟು ನನ್ನತ್ತ ತಿರುಗಿ, ‘ಯಾಕ್ ಮುನಿದ್ಲಂತೆ? ಕೇಳ್ಕೊಂಡ್ ಬರ್ಬಾರ್ದಾ?’ ಎಂದು ಗದರಿದರು. ಮತ್ತೆ ಹೋಗಿ ಕೇಳಿಕೊಂಡು ಬಂದೆ.

ಅವರೇನೂ ತಪ್ಪು ಮಾಡದವರಲ್ಲ. ಬ್ಯಾಕಪ್ ಎಂದು ಎಲ್ಲವನ್ನೂ ಸಿಡಿಗೆ ಹಾಕಿಡುತ್ತಿದ್ದರು. ಒಂದು ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮವಿಟ್ಟ ಕೈಯಲ್ಲೇ ಸಿಡಿಗಳನ್ನೂ ಕವರಿನಿಂದ ತೆಗೆದು ಒಂದೊಂದಕ್ಕೂ ಬೊಟ್ಟಿಟ್ಟರು, ಅದೂ ಹೊಳೆಯುವ ಕಡೆ. ಸಿಡಿಗೆ ಮುಖವೆಂದರೆ ಅದೇ ಎಂದು ಅವರ ಲೆಕ್ಕ. ಮುಂದಿನ ತಿಂಗಳು ಹಾರ್ಡ್ ಡಿಸ್ಕ್ ಕೆಟ್ಟಿತು. ಸಿಡಿಗಳನ್ನು ಒರೆಸಿದಷ್ಟೂ ಗೀರು ಬಿದ್ದವು. ನನ್ನ ಎರಡು ಅಧ್ಯಾಯ ಹೋದವು. ಚೀಟಿಗಳು ಅಂಗಡಿಯಲ್ಲೇ ಇದ್ದುದರಿಂದ ಬದುಕಿದೆ. ಅವರೇ ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ನಕ್ಕವರಿಗೆ, ‘ನಗ್ರಪ್ಪ, ನಗಿ. ಪೂಜೆ ಬಿಡಲ್ಲ. ಸಿಡಿ ನೆಚ್ಕೊಳೋದು ಬಿಟ್ಟೆ’ ಎಂದರು.

ಬ್ರಾಡ್‌ಬ್ಯಾಂಡ್ ಆಗಷ್ಟೇ ನಮ್ಮ ಕಡೆ ಬಂದಿತ್ತು. ಫೈಲುಗಳನ್ನು ಇಂಟರ್‌ನೆಟ್ಟಿನಲ್ಲೇ ಜೋಪಾನ ಮಾಡಿಕೊಡುತ್ತೇವೆಂದು ಟೈ ಕಟ್ಟಿದ ಹುಡುಗರು ಅಂಗಡಿ ಅಂಗಡಿ ತಿರುಗುತ್ತಿದ್ದರು. ಮೊದಲು ಬಂದವನು, ‘ಸೇಫಾಗಿರುತ್ತೆ ಮೇಡಂ’ ಎಂದ.

‘ಇಡೋದು ಯಾರ್ ಬೇಕಾದ್ರೂ ಇಡ್ತಾರೆ. ವಾಪಸ್ ತಂದು ತೋರ್ಸಿ’ ಎಂದರು ಗಿರಿಜಮ್ಮ. ನನ್ನ ಹತ್ತು ಫೈಲು ಕಳಿಸಿ, ಪಕ್ಕದ ಕಂಪ್ಯೂಟರಿನಲ್ಲಿ ವಾಪಸ್ ತರಿಸಿದರು. ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನೆಚಿಹ್ನೆಗಳಾಗಿದ್ದವು. ಅಕ್ಷರಗಳ ಎಣಿಕೆ ಸಮವಿದ್ದವುಗಳ ಹೆಸರು ಒಂದೇ ಆಗಿ, ಒಂದರ ಮೇಲೊಂದು ಕೂತು, ಹತ್ತರಲ್ಲಿ ಉಳಿದದ್ದು ಮೂರು.

‘ಫೈಲಿಗೆ ಇಂಗ್ಲಿಷಲ್ಲಿ ಹೆಸರಿಡಿ ಮೇಡಂ, ಪ್ರಾಬ್ಲಮ್ ಇರಲ್ಲ.’

‘ಹೊಲ ಹೋಯ್ತು, ಉಳಿದಿರೋದು ಹೆಸರು. ಅದನ್ನೂ ನಿಮ್ಮ ಕಂಪನಿಗೆ ಒಪ್ಪೋ ಹಾಗೆ ಇಡ್ಬೇಕಾ? ನಿಮ್ಮ ಗೋಡೌನ್ ಸರಿ ಮಾಡ್ಕೊಂಡ್ ಬನ್ನಿ, ಹೋಗಿ.’

ಎರಡನೆಯ ಕಂಪನಿಯ ಫೈಲುಗಳು ಸರಿಯಾಗಿಯೇ ಬಂದವು. ಗಿರಿಜಮ್ಮ ಬೇಕೆಂದೇ ಪಾಸ್‌ವರ್ಡ್ ಮರೆತೆನೆಂದರು. ಅವರಿಟ್ಟಿದ್ದ ಪಾಸ್‌ವರ್ಡನ್ನೇ ಕಂಪನಿಯವರು ಮೇಲ್ ಮಾಡಿದರು. ‘ಬೀಗ ನಂದು, ಕೀ ಇವರ ಜೇಬಲ್ಲಿ. ಇವರೂ ಬೇಡ’ ಎಂದರು ಗಿರಿಜಮ್ಮ.

ಮೂರನೆಯವನು ಸಪ್ಪಗೆ, ‘ನೀವು ಪಾಸ್‌ವರ್ಡ್ ಕಳ್ಕೊಂಡ್ರೆ ನಮ್ಮ ಕೈಲೂ ಓಪನ್ ಮಾಡಕ್ಕಾಗಲ್ಲ ಮೇಡಂ’ ಎಂದ. ಗಿರಿಜಮ್ಮ ಅವನನ್ನು ಕೂರಿಸಿ ಕಾಫಿ ಕೊಟ್ಟರು. ಹತ್ತು ಫೈಲನ್ನೂ ಅವನು ವಾಪಸ್ ತಂದು ತೋರಿಸಿದ ಮೇಲೆ ನನ್ನ ಹೆಸರಿನಲ್ಲೇ ಬೇರೆ ಖಾತೆ ತೆರೆಸಿದರು. ‘ಪ್ರಬಂಧ ನಿಮ್ದು, ಕೀ ನಿಮ್ಮತ್ರಾನೇ ಇರ್ಲಿ. ನಾನು ಇವತ್ತಿರ್ತೀನಿ, ನಾಳೆ ಇರಲ್ಲ’ ಎಂದು, ನಾನು ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗಿ ಕೂತರು. ಅಲ್ಲಿಂದ ಮುಂದೆ ಟೈಪ್ ಆದ ಅಧ್ಯಾಯಗಳೆಲ್ಲ ಆ ಖಾತೆಗೂ ಹೋದವು.

ಹಾಗೆಂದ ವರ್ಷವೇ ಹೋಗಿಬಿಟ್ಟರು. ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಇಪ್ಪತ್ತು ದಿನ ಬಿಟ್ಟು ಅಂಗಡಿಗೆ ಹೋದರೆ ಶೆಡ್ ಖಾಲಿ. ಅವರ ಯಜಮಾನರು ಕಂಪ್ಯೂಟರುಗಳನ್ನು ಮಾರಿದ್ದರು, ಕೊಂಡವನು ಎಲ್ಲ ಅಳಿಸಿದ್ದ. ನನ್ನ ಚೀಟಿಗಳ ಗಂಟು ರದ್ದಿಗೆ ಹೋಗಿತ್ತು. ‘ಗೊತ್ತಾಗ್ಲಿಲ್ಲಮ್ಮಾ’ ಎಂದರು ಆ ಹಿರಿಯರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಮನೆಗೆ ಬಂದು ಕಂಪ್ಯೂಟರ್ ಹಾಕಿ ಪಾಸ್‌ವರ್ಡ್ ಒತ್ತಿದೆ. ಹೇರೋಹಳ್ಳಿ ಬಂತು, ಬ್ಯಾಡರಹಳ್ಳಿ ಬಂತು, ಅತ್ತೆ ಮುನಿದ ಹೊಲ ಬಂತು. ಏಳೂ ಅಧ್ಯಾಯ, ಒಂದಕ್ಷರ ಕೆಡದೆ. ಆಸ್ಪತ್ರೆಯಿಂದ ಸುದ್ದಿ ಬಂದಾಗ ಬಾರದ ಅಳು ಆಗ ಬಂತು.

ಕೃತಜ್ಞತೆಯ ಪುಟ ಮಾತ್ರ ಬಾಕಿ ಇತ್ತು. ಬರೆದು, ಅಚ್ಚು ಮಾಡಿಸಿ, ನನ್ನ ಗೈಡ್ ಮುಂದಿಟ್ಟೆ. ಅವರು ಹುಬ್ಬು ಗಂಟಿಕ್ಕಿದರು.

‘ಏನಮ್ಮಾ ಇದು, ಡಿಟಿಪಿ ಮಾಡಿದೋರು ಮೊದಲ್ನೇ ಸಾಲಲ್ಲಿ? ಮಾರ್ಗದರ್ಶಕರು ಮೊದಲು, ಅವರದು ಕೊನೇಲಿ. ಪದ್ಧತಿ ಗೊತ್ತಿಲ್ವಾ?’

‘ಗೊತ್ತು ಸಾರ್.’

‘ತಿದ್ಕೊಂಡ್ ಬಾ. ಆಮೇಲೆ ಸಹಿ.’

‘ತಿದ್ದಲ್ಲ ಸಾರ್. ನಾಳೆ ಇದೇ ಪುಟ ತರ್ತೀನಿ, ನಾಡಿದ್ದೂ ಇದೇ ತರ್ತೀನಿ.’

ನಾಲ್ಕು ದಿನ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಐದನೆಯ ದಿನ ಮುಖ ತಿರುಗಿಸಿಕೊಂಡೇ ಸಹಿ ಹಾಕಿದರು. ಪದ್ಧತಿಯನ್ನು ನಾನು ಪೂರಾ ಬಿಟ್ಟಿಲ್ಲ. ಪುಟದ ಕೊನೆಯ ಸಾಲು ಖಾಲಿಯಿಲ್ಲ. ಅಲ್ಲಿ ನನ್ನ ಗೈಡ್ ಇದ್ದಾರೆ.