ಮತಪತ್ರದ ವಿಲ್ಮಾ

ಅಮೆರಿಕದಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಮತಪತ್ರ ಅಚ್ಚಿಗೆ ಕಳಿಸುವ ನಮ್ಮ ಪಕ್ಕದ ಮನೆಯ ವಿಲ್ಮಾ ಥೇಯರ್‌ಗೆ ಒಂದಕ್ಷರ ತಪ್ಪಿದರೂ ಊಟ ಸೇರದು. ನಾವು ಕೊಟ್ಟ ಹುಟ್ಟುಹಬ್ಬದ ಕಾರ್ಡನ್ನೂ ಕೆಂಪು ಪೆನ್ನಿನಿಂದ ತಿದ್ದಿಯೇ ಥ್ಯಾಂಕ್ಸ್ ಹೇಳುತ್ತಾರೆ. ದಂಗೆಗೆ ಕುಮ್ಮಕ್ಕು ಕೊಟ್ಟ ಆರೋಪವಿರುವ ಮಾಜಿ ಅಧ್ಯಕ್ಷರ ಹೆಸರು ಸಂವಿಧಾನದ ಪ್ರಕಾರ ಮತಪತ್ರದಲ್ಲಿ ಇರಬಹುದೇ ಎಂಬ ಮೊಕದ್ದಮೆ ಶುರುವಾದ ಮೇಲೆ, ಎರಡೂ ಕಡೆಯವರು ಫೋನಿನಲ್ಲಿ ವಿಲ್ಮಾರನ್ನು ಕೊಲ್ಲುತ್ತೇವೆಂದು ಬೆದರಿಸುತ್ತಿದ್ದಾರೆ. “ಸಂವಿಧಾನ ಓದಿ ಹೇಳೋರು ಜಡ್ಜುಗಳು, ನಾನು ಬರೀ ಅಚ್ಚು ಹಾಕ್ಸೋಳು ಕಣಪ್ಪಾ,” ಎಂದು ನಮ್ಮ ಹತ್ತಿರ ಹೇಳಿಕೊಳ್ಳುತ್ತಾರೆ. ಗಂಡ ಹಾರ್ಲನ್ ಆ ಮಾಜಿ ಅಧ್ಯಕ್ಷರ ಕಟ್ಟಾ ಅಭಿಮಾನಿ. “ಆ ಹೆಸರು ಬಿಟ್ಟು ಅಚ್ಚು ಹಾಕ್ಸಿದ್ರೆ ನಿನ್ ಜೊತೆ ಮಾತಿಲ್ಲ,” ಎಂದು ದಿನಾ ತಿಂಡಿಯ ಹೊತ್ತಿಗೆ ಗದರುತ್ತಾರೆ. ಆಮೇಲೆ, “ನೀನು ಒಳಗೇ ಇರು, ಎಂಜಿನ್ ಬಿಸಿಯಾಗ್ಲಿ,” ಎಂದು ಹೊರಗೆ ಬಂದು, ಹಿಮದಲ್ಲಿ ಮಂಡಿಯೂರಿ, ಬಾಂಬು ಇದೆಯೇನೋ ಎಂದು ಹೆಂಡತಿಯ ಕಾರಿನಡಿ ಟಾರ್ಚು ಬಿಟ್ಟು ನೋಡಿ, ಒಬ್ಬರೇ ಅದರೊಳಗೆ ಕೂತು, ಕಣ್ಣು ಮುಚ್ಚಿ ಕೀಲಿ ತಿರುಗಿಸುತ್ತಾರೆ.