ಹೊಗಳಲು ಬಾಕಿ ಇದ್ದ ಅರ್ಧ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಖುಷಿಗೆಂದು ಕಂಪ್ಯೂಟರಿನ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿತು, ಅದರ ಬಗ್ಗೆ ಟಿಪ್ಪಣಿ ಬರೆದು ಇಂಟರ್ನೆಟ್ಟಿಗೆ ಹಾಕುತ್ತಿದ್ದೆ. ಉತ್ತರಪತ್ರಿಕೆ ತಿದ್ದಿದ ಅಭ್ಯಾಸ ನೋಡಿ, ಮೊದಲು ಆ ಭಾಷೆಯ ತಪ್ಪುಗಳ ಪಟ್ಟಿ ಮಾಡಿ ಹಾಕಿದೆ; ಗುಣಗಳನ್ನು ಆಮೇಲೆ ಬರೆದರಾಯಿತು ಎಂದುಕೊಂಡೆ.

ಮಣಿಪಾಲದ ಒಂದು ಸಭೆಯಲ್ಲಿ ಆ ಭಾಷೆಯನ್ನು ಬೆಳೆಸುವ ಗುಂಪಿನ ಹುಡುಗಿಯೊಬ್ಬಳು ಸಿಕ್ಕಿದಳು. ನನ್ನ ಹೆಸರು ಕೇಳಿದ್ದೇ ಅವಳ ಮುಖ ಸಣ್ಣದಾಯಿತು.

"ಆ ತಪ್ಪುಗಳ ಪಟ್ಟಿ ಬರೆದದ್ದು ನೀವೇ ಅಲ್ವಾ ಸರ್? ಕಾಪುವಿನ ನಮ್ಮ ಗೆಳೆಯ ಈ ಭಾಷೆಯ ಕೈಪಿಡಿ ಬರೆಯುತ್ತಿದ್ದ. ನಿಮ್ಮದನ್ನು ಓದಿ ಗುಂಪನ್ನೇ ಬಿಟ್ಟು ಹೋದ."

"ಅದು ಅರ್ಧ ಮಾತ್ರ ಮಾರಾಯ್ತಿ. ಹೊಗಳುವುದು ಬಾಕಿ ಉಂಟು."

"ಅರ್ಧ ಅಂತ ಎಲ್ಲಿ ಬರೆದಿದ್ದೀರಿ?"

ಎಲ್ಲಿಯೂ ಬರೆದಿರಲಿಲ್ಲ. ಮನೆಗೆ ಬಂದವನೇ ಉಳಿದದ್ದನ್ನು ಬರೆದೆ. ಆ ಕೈಪಿಡಿಯನ್ನೇ ಮೊದಲು ಹೊಗಳಿದೆ. ಅದನ್ನು ಬರೆಯುತ್ತಿದ್ದವನು ಮರಳಲಿಲ್ಲ. ತಪ್ಪಿನ ಪಟ್ಟಿಯನ್ನು ಜನ ಈಗಲೂ ಹಂಚುತ್ತಿದ್ದಾರೆ. ಇಷ್ಟು ಶ್ರದ್ಧೆಯ ಓದುಗರು ನನಗೆ ತರಗತಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.