ಡಬ್ಬಿ ಚೀಲದಲ್ಲಿತ್ತು, ಶಟರ್ ಗಡಹಿಂಗ್ಲಜದಲ್ಲಿ

ಇಂಥ ಸಂಗತಿಗಳನ್ನು ನಂಬುವವನು ನಾನಲ್ಲ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಯಾರದಾದರೂ ಮಗ್ಗ ತಾನಾಗಿಯೇ ಶುರುವಾಯಿತು ಎಂಬ ಸುದ್ದಿ ಬಂದರೆ, ಸ್ವಿಚ್ಚಿನೊಳಗೆ ಇಲಿ ಹೊಕ್ಕಿದೆ ನೋಡಿ ಎಂದು ನಕ್ಕುಬಿಡುತ್ತಿದ್ದೆ. ಹದಿನೈದು ವರ್ಷ ವೈರುಗಳ ನಡುವೆಯೇ ಕಳೆದವನು. ತಂತಿ ಇದ್ದರೆ ಕರೆಂಟು, ತಂತಿ ಇಲ್ಲದಿದ್ದರೆ ಏನೂ ಇಲ್ಲ. ಈಗಲೂ ನನ್ನ ನಂಬಿಕೆ ಅಷ್ಟೇ. ಆದರೆ ಮೂರು ವರ್ಷದ ಹಿಂದೆ, ಹಾಡಹಗಲಲ್ಲಿ ನಡೆದ ಒಂದು ಘಟನೆ ಆ ನಂಬಿಕೆಯೊಳಗೆ ಕೂರುತ್ತಿಲ್ಲ. ನಡೆದಂತೆ ಬರೆಯುತ್ತೇನೆ.

ಮನೆಯ ಗ್ಯಾರೇಜಿನ ಶಟರಿಗೆ ಮೋಟಾರು ಹಾಕಿ, ಅದನ್ನು ಮೊಬೈಲಿಗೆ ಜೋಡಿಸಿಕೊಡುವುದು ನನ್ನ ಕೆಲಸ. ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಒಂದು ಡಬ್ಬಿ ಕೂರುತ್ತದೆ. ರಿಮೋಟಿನ ಗುಂಡಿ ಒತ್ತಿದರೆ ಡಬ್ಬಿಗೆ ತಿಳಿಯುತ್ತದೆ, ಡಬ್ಬಿ ಮೋಟಾರನ್ನು ತಿರುಗಿಸುತ್ತದೆ, ಜತೆಗೆ ಮನೆಯ ವೈಫೈ ಮೂಲಕ ಫೋನಿಗೆ ‘ಶಟರ್ ತೆರೆದಿದೆ’ ಎಂದು ಸಂದೇಶ ಕಳಿಸುತ್ತದೆ. ಗಿರಾಕಿಯ ಫೋನಿಗಷ್ಟೇ ಅಲ್ಲ, ಮೊದಲ ಕೆಲವು ತಿಂಗಳು ನನ್ನ ಫೋನಿಗೂ. ಏನಾದರೂ ಕೆಟ್ಟರೆ ಗೊತ್ತಾಗಲಿ ಎಂದು ನಾನು ಹಾಗೆ ಇಟ್ಟುಕೊಂಡಿರುತ್ತೇನೆ.

ಗಡಹಿಂಗ್ಲಜದ ಮಲ್ಲಪ್ಪ ಮಾಮಾ ಅಂಥ ಒಬ್ಬ ಗಿರಾಕಿ. ಮೂವತ್ತು ವರ್ಷ ಮಹಾರಾಷ್ಟ್ರ ಸರ್ಕಾರದ ಎಸ್.ಟಿ. ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ತಿರುವಿ ತಿರುವಿ ಎರಡೂ ಭುಜ ಹೋಗಿದ್ದವು, ಶಟರ್ ಎತ್ತಲು ಆಗುತ್ತಿರಲಿಲ್ಲ. ಆದರೆ ತಮ್ಮದೇ ಎಂದು ಕೊಂಡ ಮೊದಲ ಕಾರನ್ನು ದಿನಾ ಹೊರಗೆ ತೆಗೆದು ಒರೆಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಸುಶೀಲಾ ಮಾವಶಿ ಮಸಾಲೆ, ಚಟ್ನಿಪುಡಿ ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ಮೋಟಾರು ಹಾಕಿಸಿದ್ದು ಅವರೇ.

ಎರಡು ತಿಂಗಳಿಗೆ ಡಬ್ಬಿ ಮೊಂಡು ಹಿಡಿಯಿತು. ಒಂದು ಸಲ ಒತ್ತಿದರೆ ತೆರೆಯುತ್ತಿತ್ತು, ಇನ್ನೊಂದು ಸಲ ಇಲ್ಲ. ಹೋಗಿ ಬಿಚ್ಚಿಕೊಂಡು ಬಂದೆ. ರಿಪೇರಿಯಾಗುವವರೆಗೆ ಶಟರನ್ನು ಚೈನ್ ಜಗ್ಗಿ ಎತ್ತಬೇಕು, ಮಾಮಾನ ಭುಜಕ್ಕೆ ಅದು ಆಗದು. ‘ನಾಕ ದಿನ ತಡೀರಿ ಮಾಮಾ’ ಎಂದು ಹೇಳಿ ಬಂದಿದ್ದೆ.

ಮರುದಿನ ಹುಪರಿಯಲ್ಲಿ ಕೆಲಸವಿತ್ತು. ಬೆಳ್ಳಿ ಗೆಜ್ಜೆ ಮಾಡುವ ಒಂದು ಮನೆ. ಒಳಗೆ ಆ ಮನೆಯ ಶಾಂತಕ್ಕ ಎಂಬಾಕೆ ಚಿಮುಟದಿಂದ ಕಾಳುಕಾಳು ಬೆಳ್ಳಿ ಜೋಡಿಸುತ್ತ ಕೂತಿದ್ದರು, ನಾನು ಹೊಸ್ತಿಲಲ್ಲಿ ವೈರು ಎಳೆಯುತ್ತಿದ್ದೆ. ಫೋನು ಸದ್ದು ಮಾಡಿತು. ‘ಗಡಹಿಂಗ್ಲಜ, ಶಟರ್ ತೆರೆದಿದೆ.’

ಹನ್ನೊಂದು ಇಪ್ಪತ್ತು. ಹಳೆಯ ಸಂದೇಶ ಈಗ ಬಂದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮೂರನೆಯ ಸಲ ಬಂದಾಗ ಚೀಲಕ್ಕೆ ಕೈಹಾಕಿದೆ. ಡಬ್ಬಿ ಅಲ್ಲಿಯೇ ಇತ್ತು, ಬೆಳಿಗ್ಗೆ ನಾನೇ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟಂತೆ. ಬ್ಯಾಟರಿ ಇಲ್ಲ, ವೈರಿಲ್ಲ, ದೀಪವಿಲ್ಲ.

“ಯಾರದ್ರಿ ದಾದಾ, ಮತ್ತ ಮತ್ತ ಒದರಾಕತ್ತೈತಿ?” ಶಾಂತಕ್ಕ ಕೇಳಿದರು.

ನಾನು ಡಬ್ಬಿಯನ್ನು ಎತ್ತಿ ತೋರಿಸಿದೆ. “ಗಡಹಿಂಗ್ಲಜದಾಗ ಶಟರ್ ತೆಗೀತಂತ್ರಿ ಅಕ್ಕಾ. ತೆಗಿಯೋ ಡಬ್ಬಿ ನೋಡಿದ್ರ ನನ್ನ ಚೀಲದಾಗ ಐತಿ.”

ಆಕೆ ನಗಲಿಲ್ಲ. ಚಿಮುಟ ಕೆಳಗಿಟ್ಟು ನನ್ನ ಮುಖ ನೋಡಿದರು. “ಒಂದ ಫೋನ್ ಹಚ್ಚಿ ಕೇಳ್ರಲಾ. ಏನ ಹೋಗ್ತೈತಿ?”

“ಏನಂತ ಕೇಳ್ಲಿ? ನಿಮ್ಮ ಡಬ್ಬ್ಯಾಗ ದೆವ್ವ ಹೊಕ್ಕೈತಿ ಅಂತನಾ?” ನಾನೇ ನಕ್ಕೆ. ಮತ್ತೆ ತೊಂದರೆ ಬೇಡವೆಂದು ಫೋನಿನ ಸದ್ದು ತೆಗೆದು, ಚೀಲದಲ್ಲಿ ಡಬ್ಬಿಯ ಪಕ್ಕಕ್ಕೇ ಹಾಕಿದೆ.

ಒಂದು ಗಂಟೆಗೆ ಊಟಕ್ಕೆ ಎದ್ದಾಗ ಫೋನು ತೆಗೆದು ನೋಡಿದೆ. ಇನ್ನೂ ನಾಲ್ಕು ಬಂದಿದ್ದವು. ಒಟ್ಟು ಏಳು. ಕೊನೆಯದು ಹತ್ತು ನಿಮಿಷದ ಹಿಂದಿನದು. ಮಾಮಾಗೆ ಫೋನ್ ಮಾಡಿದೆ. ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ಮಾವಶಿಗೆ ಹಚ್ಚಿದೆ. ಅವರು ಸಂತೆಯಲ್ಲಿದ್ದರು.

“ಮನ್ಯಾಗ ಅದಾರಪಾ, ಯಾಕ?” ಎಂದರು.

“ಏನಿಲ್ರಿ ಮಾವಶಿ. ಒಂದೀಟ ಮನಿಗಿ ಹೋಗಿ ಗ್ಯಾರೇಜ್ ನೋಡ್ತೀರೇನ್ರಿ? ಈಗ, ಲಗೂನ.”

ನನ್ನ ದನಿಯಲ್ಲಿ ಏನು ಕೇಳಿಸಿತೋ, ಆಕೆ ಮಾರುವ ಗಂಟನ್ನು ಅಲ್ಲೇ ಬಿಟ್ಟು ಓಡಿದರಂತೆ.

ನಡೆದದ್ದು ಇಷ್ಟು. ಕಾರು ಹೊರಗೆ ತೆಗೆಯಲಾಗದ ಮಾಮಾ, ಅಡುಗೆಮನೆಯ ಕಡೆಯ ಬಾಗಿಲಿನಿಂದ ಗ್ಯಾರೇಜಿಗೆ ಇಳಿದು, ಮುಚ್ಚಿದ ಶಟರಿನ ಹಿಂದೆಯೇ ಚಕ್ರ ಬಿಚ್ಚಿ ಬ್ರೇಕು ನೋಡುತ್ತಿದ್ದರು. ಜಾಕ್ ಜಾರಿತು. ಕಾರು ಬಲಗಾಲಿನ ಮೇಲೆ ಕೂತಿತು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಎಷ್ಟು ಕೂಗಿದರೂ ಯಾರಿಗೂ ಕೇಳಿಲ್ಲ. ಮಾವಶಿ ಗಿರಣಿಯವರನ್ನು ಕರೆದು ಕಾರು ಎತ್ತಿಸಿದಾಗ ಮಾಮಾಗೆ ಅರ್ಧ ಎಚ್ಚರವಿತ್ತು. ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಎರಡನೆಯ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ನಾಲ್ಕನೆಯ ದಿನ ನೋಡಲು ಹೋದೆ. ಬಾಗಿಲಲ್ಲೇ ಮಾವಶಿ ನನ್ನ ಎರಡೂ ಕೈ ಹಿಡಿದುಕೊಂಡರು. “ನೀ ಫೋನ್ ಮಾಡಿರ್ಲಿಲ್ಲಂದ್ರ ಸಂಜೀತನಕ ಅಲ್ಲೇ ಬಿದ್ದಿರ್ತಿದ್ರಪಾ. ಜೀವಾ ಉಳಿಸಿದಿ.” ಆಮೇಲೆ ದನಿ ತಗ್ಗಿಸಿ, ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಹೇಳಿದರು. ಇನ್ನೊಂದು ತಾಸು ಮುಂಚೆ ತಂದಿದ್ದರೆ ಕಾಲು ಉಳಿಯುತ್ತಿತ್ತೇನೋ ಎಂದಿದ್ದರಂತೆ.

ಒಳಗೆ ಮಾಮಾ ಗೋಡೆಗೆ ಒರಗಿ ಕೂತಿದ್ದರು. ಕೈಗಡಿಯಾರ ಆಗಲೂ ಮಣಿಕಟ್ಟಿನಲ್ಲಿತ್ತು. ಏನಾಯಿತೆಂದು ಅವರೇ ಹೇಳಿದರು.

“ಫೋನ್ ಒಳಗ ಚಾರ್ಜಿಂಗಿಗಿ ಇತ್ತ ತಮ್ಮಾ. ಒದರಿ ಒದರಿ ಗಂಟಲಾ ಬಿತ್ತ. ಕಿಸೇದಾಗ ರಿಮೋಟ್ ಇತ್ತು. ಡಬ್ಬಿ ನೀ ಬಿಚ್ಕೊಂಡ ಹೋಗೀದಿ ಅಂತ ಗೊತ್ತ ಐತಿ ನನಗ. ಖರೇ ಕೈ ಸುಮ್ಮ ಇರಾಂಗಿಲ್ಲ ನೋಡ. ಒತ್ತಿದ್ನಿ.”

“ಎಷ್ಟ ಸಲ ಒತ್ತಿದ್ರಿ ಮಾಮಾ?”

“ಏಳ. ಪಯಲೇದ ಹನ್ನೊಂದ ಇಪ್ಪತ್ತಕ್ಕ. ಕಡೀದ ಒಂದಕ್ಕ ಹತ್ತ ಕಮ್ಮಿ. ಆಮ್ಯಾಲ ಕೈಯಾಗಿಂದ ಜಾರಿ ಬಿತ್ತು.” ಎಸ್.ಟಿ. ಡ್ರೈವರು. ಒಂದೊಂದು ಸ್ಟಾಪಿಗೂ ಗಡಿಯಾರ ನೋಡಿದವರು. ಕಾರಿನ ಕೆಳಗೆ ಬಿದ್ದಾಗಲೂ ನೋಡಿದ್ದಾರೆ.

ಅವರು ನನ್ನತ್ತ ತಿರುಗಿ ಕೇಳಿದರು. “ಅದ್ರಾಗ ಒಂದರ ನಿನಗ ಮುಟ್ಟಿತೇನ?”

“ಕಡೀದ ಒಂದ ಬಂತ್ರಿ ಮಾಮಾ” ಎಂದೆ. “ಅದನ್ನ ನೋಡೇ ಫೋನ್ ಹಚ್ಚಿದ್ನಿ.”

ಅವರು ಕಣ್ಣು ಮುಚ್ಚಿದರು. “ಸಾಕ ಬಿಡಪಾ. ಒಂದರ ಮುಟ್ಟಿತಲಾ.”

ಡಬ್ಬಿ ತಯಾರಿಸುವ ಕಂಪನಿಯ ಎಂಜಿನಿಯರನ್ನು ಆಮೇಲೆ ಕೇಳಿದೆ. ಹಳೆಯ ಸಂದೇಶಗಳು ಎಲ್ಲೋ ತಡೆದು ನಿಂತು, ಒಮ್ಮೆಲೇ ಬರುವುದುಂಟು ಎಂದ. ಒಮ್ಮೆಲೇ ಬರಲಿಲ್ಲವಲ್ಲ ಎಂದು ಏಳೂ ಸಮಯಗಳನ್ನು ಓದಿದೆ. ಡಬ್ಬಿ ಕಳಿಸಿ ಎಂದ, ಕಳಿಸಿದೆ. ಒಂದು ಸಣ್ಣ ಭಾಗ ಸುಟ್ಟಿತ್ತು, ಬದಲಾಯಿಸಿದ್ದೇವೆ ಎಂಬ ಚೀಟಿಯೊಂದಿಗೆ ವಾಪಸು ಬಂತು. ರಿಮೋಟಿನ ಸಂಕೇತ ಆ ಗ್ಯಾರೇಜಿನ ಗೋಡೆ ದಾಟಿದರೆ ಹೆಚ್ಚು. ಹುಪರಿಯವರೆಗೆ ಅದು ಹೇಗೆ ಬಂದೀತು? ಬಂದರೂ ಸತ್ತ ಡಬ್ಬಿ ಅದನ್ನು ಹೇಗೆ ಕೇಳೀತು? ನನಗೆ ತಿಳಿದವರಲ್ಲಿ ಯಾರೂ ಉತ್ತರ ಹೇಳಿಲ್ಲ.

ಮಾಮಾ ಈಗ ಕೃತಕ ಕಾಲಿನಲ್ಲಿ ನಡೆಯುತ್ತಾರೆ. ಗಾಡಿ ಓಡಿಸುವುದಿಲ್ಲ. ಡಬ್ಬಿ ಮತ್ತೆ ಕೂರಿಸಿದ ದಿನ, ಪದ್ಧತಿಯಂತೆ ನನ್ನ ಫೋನನ್ನು ಅದರಿಂದ ತೆಗೆಯಲು ಹೊರಟರೆ ತಡೆದರು. “ಇರ್ಲಿ ತಮ್ಮಾ. ನಿಂದ ಇದ್ರ ನನಗ ಧೈರ್ಯ.” ಹಾಗೇ ಬಿಟ್ಟೆ. ದಿನಾ ಬೆಳಿಗ್ಗೆ ಅವರು ಶಟರ್ ತೆಗೆದು ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂರುತ್ತಾರೆ. ನನ್ನ ಫೋನಿಗೆ ಸಂದೇಶ ಬರುತ್ತದೆ. ಎಲ್ಲಿದ್ದರೂ ತೆರೆದು ನೋಡುತ್ತೇನೆ.

ಮೊದಲ ಮೂರು ಸಂದೇಶಗಳನ್ನು ನೋಡಿಯೂ ನಾನು ಫೋನಿನ ಬಾಯಿ ಮುಚ್ಚಿಸಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕೆಂದು ಎರಡು ಸಲ ಗಡಹಿಂಗ್ಲಜಕ್ಕೆ ಹೋಗಿ, ಚಹಾ ಕುಡಿದು ತಿರುಗಿ ಬಂದಿದ್ದೇನೆ. ಈಗ ಎಲ್ಲವನ್ನೂ ಇಲ್ಲಿ ಬರೆದಾಯಿತು. ಮಾಮಾ ಕಲಿತದ್ದು ಮರಾಠಿ ಶಾಲೆಯಲ್ಲಿ, ಮಾತಾಡುವುದು ಕನ್ನಡವಾದರೂ ಅವರಿಗೆ ಅದನ್ನು ಓದಲು ಬರುವುದಿಲ್ಲ. ಮಾವಶಿಯ ತವರು ಕರ್ನಾಟಕದ ಸಂಕೇಶ್ವರ, ಕಲಿತದ್ದು ಕನ್ನಡ ಶಾಲೆಯಲ್ಲಿ. ಅವರಿಗೆ ಬರುತ್ತದೆ.